ಅಕ್ಷರದ ಗಾತ್ರ ಇಪ್ಪತ್ತೆಂಟು

ಎರಡು ವಾರ ನಾನು ಇರುವೆ ತೋರಿಸಿ ಪಾಠ ಮಾಡಿದೆ.
ಗೋಣಿಕೊಪ್ಪದ ಕಾಲೇಜು, ಮೇಲಿನ ಅಂತಸ್ತು,
ಮಾರ್ಚಿನ ಬಿಸಿಲು ಕಿಟಕಿ ಹಾರಿ ನೇರ ಪರದೆಯ ಮೇಲೆ.
ಪರದೆಯೊಳಗೆ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರು
ಸಾಲು ಬಿಡುತ್ತಿತ್ತು, ಸಾಲು, ಮತ್ತೆ ಸಾಲು,
ಎಲ್ಲೋ ಸಕ್ಕರೆ ಡಬ್ಬಿ ಕಂಡ ಹಾಗೆ.

'ಅರ್ಥ ಆಯ್ತಾ?' ಅಂದರೆ 'ಆಯ್ತು ಮಿಸ್' ಅನ್ನುತ್ತಿದ್ದರು
ನಲವತ್ತೊಂದು ಮಂದಿ, ಒಂದೇ ರಾಗದಲ್ಲಿ.
ಮಾನಕ ವಿಚಲನೆ ಸೊನ್ನೆ.
ಆಗಲಾದರೂ ಅನುಮಾನ ಬರಬೇಕಿತ್ತು ನನಗೆ.

ಬಂದದ್ದು ಅಟೆಂಡರ್ ಐತಪ್ಪನಿಗೆ.
ಸುತ್ತೋಲೆ ಹಿಡಿದು ಹಿಂಬಾಗಿಲಲ್ಲಿ ನಿಂತವನು
ಕಣ್ಣು ಕಿರಿದು ಮಾಡಿ ಕೇಳಿದ:
'ಅದು ಯಾವ ಲಿಪಿ ಮೇಡಂ?'

ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ,
ಸಫ್ರೀನಾ ಮತ್ತು ಪಾಲಿಯ ನಡುವೆ.
ಬೆಂಚಿನಲ್ಲಿ ಯಾರೋ ಕೈವಾರದಿಂದ ಕೊರೆದ ಹೆಸರಿತ್ತು,
ಪಕ್ಕದಲ್ಲೊಂದು ಬಾಣ ತೂರಿದ ಹೃದಯ.
ಅದನ್ನು ಸಲೀಸಾಗಿ ಓದಬಹುದಿತ್ತು.
ನನ್ನ ಪರದೆಯನ್ನಲ್ಲ.

ಸಫ್ರೀನಾಳ ನೋಟ್‌ಬುಕ್ಕಿನಲ್ಲಿ ನೀಟಾಗಿ,
ಐದು ಪಾಯಿಂಟ್ ಎರಡು ಈ ಮೈನಸ್ ನಾಲ್ಕು.
ಅಂಚಿನಲ್ಲಿ ಪೆನ್ಸಿಲಿನಿಂದ, ಅಳಿಸಿಬಿಡಲು ಸುಲಭವಾಗುವಂತೆ:
'ಈ ಅಂದ್ರೆ ಯಾವ್ದು?'

ಆ ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು ಬಿಚ್ಚಿದೆ.
ಹನ್ನೊಂದಿದ್ದ ಅಕ್ಷರವನ್ನು ಇಪ್ಪತ್ತೆಂಟಕ್ಕೆ ಏರಿಸಿದೆ.
ಕಪ್ಪು ಹಿನ್ನೆಲೆ ನನ್ನ ಶೋಕಿ; ಬಿಳಿ ಮಾಡಿದೆ.
ಚುಕ್ಕಿಯ ನಂತರ ಏಳು ಅಂಕಿ ಯಾರಿಗೆ ಬೇಕು?
ಎರಡು ಉಳಿಸಿದೆ.
ಕಾಫಿ ಗಿಡದಿಂದ ಗಿಡಕ್ಕೆ ಹತ್ತಡಿ ಬಿಡುವ ಊರಿನವಳು ನಾನು,
ಸಮಚಿಹ್ನೆಯ ಆಚೀಚೆ ಒಂದು ಬೆರಳು ಜಾಗ ಬಿಟ್ಟಿರಲಿಲ್ಲ;
ಬಿಟ್ಟೆ.
ಉದ್ದ ಸಾಲುಗಳನ್ನು ಮುರಿದು ಕೆಳಗಿಳಿಸಿದೆ.
ವಿ-ಒಂದು, ವಿ-ಎರಡು ಅಂತಿದ್ದ ಕಂಬಸಾಲುಗಳ ನೆತ್ತಿಯಲ್ಲಿ
ಕನ್ನಡದಲ್ಲೇ ಬರೆದೆ: ತೋಟ. ತಾರೀಕು. ಮಳೆ.
ಫಲಿತಾಂಶದ ಪಕ್ಕದ ಮೂರು ನಕ್ಷತ್ರಗಳನ್ನೂ ತೆಗೆದೆ.
ಹೋಂಸ್ಟೇ ರೇಟಿಂಗು ಅಂದುಕೊಂಡಿದ್ದರಂತೆ ಕೆಲವರು.

ಮರುದಿನ ದೇಚಮ್ಮ ಕಾಫಿ ಒಣಗಿಸುವ ನೀಲಿ ಟಾರ್ಪಾಲು ತಂದಳು.
ಕಿಟಕಿಗೆ ಕಟ್ಟಿದೆವು. ಹಣ್ಣಿನ ಸಿಪ್ಪೆಯ ಹುಳಿ ವಾಸನೆ,
ಎರಡು ಸೀನು, ಆಮೇಲೆ ಕತ್ತಲೆ,
ಕತ್ತಲೆಯಲ್ಲಿ ಅಂಗೈಯಗಲದ ಅಂಕಿಗಳು.

ಅವು ಹನ್ನೊಂದು ಮನೆಗಳ ಮಳೆ ಡೈರಿಯ ಲೆಕ್ಕ.
ಇಲ್ಲಿ ಮಳೆಯನ್ನು ಚಿನ್ನದಂತೆ ಬರೆದಿಡುತ್ತಾರೆ,
ಇಷ್ಟು ಇಂಚು, ಇಷ್ಟು ಸೆಂಟು.
ಪಾಲಿಯ ಮನೆಯಲ್ಲಿ ಡೈರಿ ಇಲ್ಲ.
ತೋಟದ ಮಳೆಮಾಪಕ ಬಗ್ಗಿಸಿ ಅಳೆದು
ರೈಟರಿಗೆ ಕೂಗಿ ಹೇಳುವವಳು ಅವಳ ಅವ್ವ.
ಆ ವರ್ಷವಿಡೀ ಬಾಯಿ ಬಿಡದಿದ್ದ ಹುಡುಗಿ ಎದ್ದು ನಿಂತಳು.

'ಮಿಸ್, ಏಳನೇ ಸಾಲು.
ಒಂದೇ ದಿನ ನೂರಿಪ್ಪತ್ನಾಲ್ಕು ಇಂಚು ಅಂತ ಇದೆ.
ಅಷ್ಟು ಬಂದಿದ್ರೆ ಈ ಬೆಟ್ಟ ಇರ್ತಿರ್ಲಿಲ್ಲ, ನಾವೂ.'

ನಗು ಎದ್ದಿತು, ಅರ್ಧದಲ್ಲೇ ನಿಂತಿತು.
ಜಾರಿದ ಬೆಟ್ಟಗಳ ನೆನಪಿರುವ ತರಗತಿ ಅದು.
ಒಂದು ಇಂಚು ಇಪ್ಪತ್ನಾಲ್ಕು ಸೆಂಟು;
ಚುಕ್ಕಿ ಎಲ್ಲೋ ಬಿದ್ದುಹೋಗಿತ್ತು.
ಊದಿಕೊಂಡ ಆ ಸರಾಸರಿಯನ್ನು ಎರಡು ವಾರ
ಕೋಲು ಹಿಡಿದು ವ್ಯಾಖ್ಯಾನಿಸಿದ್ದೆ ನಾನು.
ಏಳನೇ ಸಾಲು ಟೈಪು ಮಾಡಿದವಳೂ ನಾನೇ.
ಹೇಳಿದೆ. ಹೇಳುವಾಗ ಕತ್ತಲೆ ಒಳ್ಳೆಯದೇ ಆಯಿತು.

ಚುಕ್ಕಿ ಇಟ್ಟೆ. ಸರಾಸರಿ ಇಳಿದು ನೆಲ ಮುಟ್ಟಿತು.
'ಅರ್ಥ ಆಯ್ತಾ?' ಅಂದೆ.
'ಇಲ್ಲ' ಅಂದರು ಐದಾರು ಜನ,
'ಸ್ವಲ್ಪ' ಅಂದ ಒಬ್ಬ,
'ಈ ಅಂದ್ರೆ ಯಾವ್ದು?' ಅಂದಳು ಸಫ್ರೀನಾ, ಈ ಸಲ ಗಟ್ಟಿಯಾಗಿ.

ಬಾಗಿಲಲ್ಲಿ ಮತ್ತೆ ಐತಪ್ಪ, ಕೈಯಲ್ಲಿ ಮತ್ತೊಂದು ಸುತ್ತೋಲೆ.
ಅಲ್ಲಿಂದಲೇ ಓದಿದ, ನಿಧಾನಕ್ಕೆ:
ಮಾರ್ಚ್ ಒಂಬತ್ತು. ಮಳೆ. ಒಂದು, ಚುಕ್ಕಿ, ಎರಡು, ನಾಲ್ಕು.

'ಹೂವಿಗೆ ಸಾಕು' ಅಂದ.